ಕಾವ್ಯದ ಪಾನಗೋಷ್ಠಿ: ಭರತನಿಂದ ಪಂಪನವರೆಗೆ

೧

ಮಹಾಕಾವ್ಯದ ಲಕ್ಷಣವನ್ನು ನಿರೂಪಿಸುವ ಸಂದರ್ಭದಲ್ಲಿ ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯಗಳ ಸಾಲಿನಲ್ಲಿಯೇ ಮಧುಪಾನವನ್ನೂ ಸೇರಿಸಿದ್ದಾನೆಂಬುದು ಅಲಂಕಾರಶಾಸ್ತ್ರದ ಅಭ್ಯಾಸಿಗಳಿಗೆ ವಿದಿತವಾದ ಸಂಗತಿ. ಮುಂದೆ ಅಷ್ಟಾದಶ ವರ್ಣನೆಗಳೆಂದು ಪ್ರಸಿದ್ಧವಾದ ಈ ಪಟ್ಟಿಯನ್ನು ಕನ್ನಡದ ಚಂಪೂಕವಿಗಳು ಬಹುಮಟ್ಟಿಗೆ ಶಿರಸಾವಹಿಸಿದರು. ಮಹಾಕವಿಯೆನಿಸಬೇಕೆಂದು ಹೊರಟವನು ಚಂದ್ರೋದಯವನ್ನು ವರ್ಣಿಸಿದಂತೆಯೇ ಪಾನಗೋಷ್ಠಿಯನ್ನೂ ವರ್ಣಿಸಬೇಕಾಗಿತ್ತು. ಆದರೆ ಇವೆರಡಕ್ಕೂ ಒಂದು ಭೇದವುಂಟು. ಚಂದ್ರನನ್ನು ನೋಡುವುದಕ್ಕೆ ಯಾವ ವ್ರತವೂ ಅಡ್ಡಬರುವುದಿಲ್ಲ. ಹತ್ತನೆಯ ಶತಮಾನದ ನಮ್ಮ ಪ್ರಮುಖ ಕವಿಗಳಾದರೋ ಜೈನರು. ಸಮಂತಭದ್ರನ ‘ರತ್ನಕರಂಡಕ ಶ್ರಾವಕಾಚಾರ’ವು ಗೃಹಸ್ಥನ ಎಂಟು ಮೂಲಗುಣಗಳನ್ನು ಹೇಳುವಾಗ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಜೇನು ಈ ಮೂರರ ತ್ಯಾಗವನ್ನು ವಿಧಿಸುತ್ತದೆ. ಹೀಗೆ ಯಾವುದನ್ನು ಮುಟ್ಟಲಾಗದೆಂದು ಧರ್ಮ ನಿಷೇಧಿಸಿತೋ ಅದನ್ನೇ ಓದುಗರು ನಂಬುವಂತೆ ಬರೆಯಬೇಕೆಂದು ಕಾವ್ಯಶಾಸ್ತ್ರ ವಿಧಿಸಿತು. ಈ ಇಕ್ಕಟ್ಟಿನಲ್ಲಿ ನಮ್ಮ ಕವಿಗಳು ಏನು ಮಾಡಿದರು? ಕುಡಿಯದವನು ಬರೆದ ಕುಡಿತದ ಚಿತ್ರ ನಂಬಿಕೆಗೆ ಅರ್ಹವಾದೀತೆ? ಆದರೆ, ಅದು ಯಾವುದರ ಬಲದಿಂದ?

ಈ ಪ್ರಶ್ನೆಗೆ ಕಾವ್ಯಮೀಮಾಂಸೆಯ ಆಸಕ್ತಿ ಮಾತ್ರವಲ್ಲದೆ ಚರಿತ್ರೆಯ ಆಸಕ್ತಿಯೂ ಇದೆ. ಪ್ರಾಚೀನ ಕರ್ಣಾಟಕದ ಜನಜೀವನವನ್ನು ಕುರಿತು ಬರೆಯುವವರು ಕಾವ್ಯಗಳ ಇಂಥ ಭಾಗಗಳಿಂದ ಉಡಿಗೆತೊಡಿಗೆ, ಊಟೋಪಚಾರ, ವಿನೋದಗಳ ವಿವರಗಳನ್ನು ಎತ್ತಿಕೊಳ್ಳುವುದು ವಾಡಿಕೆಯಾಗಿದೆ. ಕವಿಯು ಕಂಡದ್ದನ್ನು ಬರೆದನೋ ಶಾಸ್ತ್ರದಲ್ಲಿ ಓದಿದ್ದನ್ನು ಬರೆದನೋ ಎಂಬುದು ಇತ್ಯರ್ಥವಾಗದೆ ಆ ವಿವರಗಳನ್ನು ಸಾಕ್ಷ್ಯವೆಂದು ಪರಿಗಣಿಸುವಂತಿಲ್ಲ. ಇನ್ನೊಂದು ಮಾತನ್ನೂ ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ತರಗತಿಯಲ್ಲಿ ಪಾಠ ಹೇಳುವಾಗ ಈ ಭಾಗಗಳನ್ನು ಬಿಟ್ಟು ಮುಂದಿನ ಪದ್ಯಕ್ಕೆ ಹೋಗುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ನಾವೂ ಹಾಗೆ ಮಾಡಿದ್ದುಂಟು. ಬಿಟ್ಟುಬಿಟ್ಟ ಭಾಗದಲ್ಲಿ ಪಾತ್ರರಚನೆಯ ಒಂದು ಹಳೆಯ ವಿದ್ಯೆಯೇ ಅಡಗಿದೆಯೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಪಾನದೃಶ್ಯವನ್ನು ನಂಬುವಂತೆ ರಚಿಸುವ ವಿಧಾನವನ್ನು ನಮ್ಮ ದೇಶದಲ್ಲಿ ವಿವರವಾಗಿ ಹೇಳಿದ ಅತಿ ಪ್ರಾಚೀನ ಗ್ರಂಥಗಳಲ್ಲಿ ಭರತನ ‘ನಾಟ್ಯಶಾಸ್ತ್ರ’ ಮುಖ್ಯವಾದುದು. ಅದರ ಏಳನೆಯ ಅಧ್ಯಾಯದಲ್ಲಿ ಬರುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ‘ಮದ’ವೂ ಒಂದು. ಮದ್ಯದ ಸೇವನೆಯಿಂದ ಹುಟ್ಟುವ ಈ ಭಾವಕ್ಕೆ ತರುಣ, ಮಧ್ಯ, ಅವಕೃಷ್ಟ ಎಂದು ಮೂರು ಅವಸ್ಥೆಗಳನ್ನು ಭರತನು ಹೇಳುತ್ತಾನೆ. ಮೊದಲನೆಯದರಲ್ಲಿ ನಗುಮುಖ, ಮೈಯಲ್ಲಿ ಹರ್ಷ, ತುಸು ತಡವರಿಸುವ ಮಾತು, ಕೋಮಲವಾಗಿ ತೂಗಾಡುವ ನಡೆ. ಎರಡನೆಯದರಲ್ಲಿ ಎಡವುವ ಹೆಜ್ಜೆ, ಹೊರಳುವ ಕಣ್ಣು, ಜೋಲುವ ತೋಳು. ಮೂರನೆಯದರಲ್ಲಿ ನೆನಪು ಅಳಿದು ನಡಿಗೆ ನಿಂತು ವಾಂತಿ ಬಿಕ್ಕಳಿಕೆಗಳಿಂದ ಬೀಭತ್ಸವಾದ ಸ್ಥಿತಿ. ನಾಲಗೆ ಭಾರವಾಗಿ ಅಂಟಿಕೊಳ್ಳುತ್ತದೆ. ಇಷ್ಟಾದರೆ ಇದು ವೈದ್ಯನು ಬರೆದ ಲಕ್ಷಣಪಟ್ಟಿಯಂತಾಗುತ್ತಿತ್ತು. ಭರತನು ಅಲ್ಲಿಗೇ ನಿಲ್ಲುವುದಿಲ್ಲ. ಒಬ್ಬನು ಹಾಡುತ್ತಾನೆ, ಒಬ್ಬನು ಅಳುತ್ತಾನೆ, ಒಬ್ಬನು ನಗುತ್ತಾನೆ, ಒಬ್ಬನು ಕಟುವಾಗಿ ಬೈಯುತ್ತಾನೆ, ಒಬ್ಬನು ಮಲಗಿ ನಿದ್ರಿಸುತ್ತಾನೆ ಎಂದು ಐದು ಬಗೆಯನ್ನು ಹೇಳಿ, ಯಾರು ಯಾವುದನ್ನು ಮಾಡುತ್ತಾರೆಂಬುದನ್ನು ಅವರವರ ಪ್ರಕೃತಿಗೆ ಕಟ್ಟಿಹಾಕುತ್ತಾನೆ. ಉತ್ತಮನು ನಿದ್ರಿಸುತ್ತಾನೆ; ಮಧ್ಯಮನು ನಗುತ್ತಾನೆ, ಹಾಡುತ್ತಾನೆ; ಅಧಮನು ಬೈಯುತ್ತಾನೆ, ಅಳುತ್ತಾನೆ.

ಇದಕ್ಕಿಂತಲೂ ಗಮನಾರ್ಹವಾದವು ಅವನು ಪ್ರಯೋಗವನ್ನು ಕುರಿತು ಹೇಳುವ ಎರಡು ನಿಯಮಗಳು. ರಂಗದ ಮೇಲೆಯೇ ಕುಡಿಯುವ ಪಾತ್ರದ ಮದವನ್ನು ಏರುತ್ತ ಹೋಗುವಂತೆ ತೋರಿಸಬೇಕು. ಕುಡಿದು ಬಂದು ರಂಗವನ್ನು ಪ್ರವೇಶಿಸುವ ಪಾತ್ರದ ಮದವನ್ನು ಇಳಿಯುತ್ತ ಹೋಗುವಂತೆ ತೋರಿಸಬೇಕು ಎಂಬುದು ಒಂದು. ಮದವು ಎಷ್ಟೇ ಏರಿದ್ದರೂ ಹೆದರಿಕೆ, ದುಃಖ, ಮಹಾಹರ್ಷ ಇವುಗಳಲ್ಲೊಂದು ಒದಗಿದಾಗ ಅದನ್ನು ಕ್ರಮವಾಗಿ ಇಳಿಸಿಬಿಡಬೇಕು ಎಂಬುದು ಇನ್ನೊಂದು. ಕುಡಿದವನು ದೃಶ್ಯದ ಆರಂಭದಿಂದ ಅಂತ್ಯದವರೆಗೆ ಒಂದೇ ಮಟ್ಟದಲ್ಲಿ ತೂರಾಡುತ್ತಿದ್ದರೆ ಪ್ರೇಕ್ಷಕರು ಅದನ್ನು ನಂಬುವುದಿಲ್ಲವೆಂಬ ಅನುಭವ ಈ ನಿಯಮಗಳ ಹಿಂದೆ ಇರುವಂತೆ ತೋರುತ್ತದೆ. ಮದಕ್ಕೆ ಒಂದು ಕಾಲಗತಿಯಿದೆ. ಅದು ಏರುವಂಥದು ಮತ್ತು ಇಳಿಯುವಂಥದು.

ನಾಟ್ಯಶಾಸ್ತ್ರದ ಈ ನಿರೂಪಣೆಗೆ ವೈದ್ಯಶಾಸ್ತ್ರದಲ್ಲಿ ಆಶ್ಚರ್ಯಕರವಾದ ಸಂವಾದ ದೊರೆಯುತ್ತದೆ. ‘ಚರಕಸಂಹಿತೆ’ಯ ಚಿಕಿತ್ಸಾಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯ ಮದಾತ್ಯಯವನ್ನು ಕುರಿತದ್ದು. ಅಲ್ಲಿಯೂ ಮದಕ್ಕೆ ಮೂರು ಅವಸ್ಥೆಗಳು. ಮೊದಲನೆಯದು ಹರ್ಷವನ್ನುಂಟುಮಾಡಿ ಹಾಡು ಮಾತುಗಳಿಗೆ ಪ್ರೇರಿಸಿದರೂ ಬುದ್ಧಿಯನ್ನು ಕೆಡಿಸುವುದಿಲ್ಲ. ಎರಡನೆಯದರಲ್ಲಿ ನೆನಪು ಬಂದು ಬಂದು ಹೋಗುತ್ತದೆ. ಮಾತಿನಲ್ಲಿ ಯುಕ್ತವೂ ಅಯುಕ್ತವೂ ಬೆರೆಯುತ್ತವೆ. ಮೂರನೆಯದರಲ್ಲಿ ಮನುಷ್ಯನು ಮುರಿದುಬಿದ್ದ ಮರದ ದಿಮ್ಮಿಯಂತೆ, ಬದುಕಿದ್ದರೂ ಸತ್ತವನಂತೆ ಬಿದ್ದಿರುತ್ತಾನೆ. ಅದೇ ಅಧ್ಯಾಯದಲ್ಲಿ ಚರಕನು ಕೊಡುವ ಉಪಮಾನವೊಂದು ನಮ್ಮ ವಿಷಯಕ್ಕೆ ಕೀಲಿಯಂತಿದೆ. ಬೆಂಕಿಯು ಚಿನ್ನದ ಉತ್ತಮ, ಮಧ್ಯಮ, ಅಧಮ ಗುಣವನ್ನು ಹೇಗೆ ಹೊರಪಡಿಸುತ್ತದೆಯೋ ಹಾಗೆ ಮದ್ಯವು ಪ್ರಾಣಿಗಳ ಪ್ರಕೃತಿಯನ್ನು ಹೊರಪಡಿಸುತ್ತದೆ. ಬೆಂಕಿ ಚಿನ್ನಕ್ಕೆ ಹೊಸ ಗುಣವನ್ನು ಕೊಡುವುದಿಲ್ಲ, ಇದ್ದುದನ್ನು ಕಾಣಿಸುತ್ತದೆ.

ರಾಜನೀತಿಯೂ ಇದನ್ನೇ ನಂಬಿತ್ತು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವಿದೆ. ಪಾನಗೃಹಗಳಲ್ಲಿ ಬೇರೆ ಬೇರೆ ಕೋಣೆಗಳು, ಹಾಸಿಗೆ, ಆಸನ, ಗಂಧ, ಮಾಲೆ, ನೀರು ಇರಬೇಕೆಂದು ವಿಧಿಸಿದ ಮೇಲೆ, ಅಲ್ಲಿಗೆ ಬರುವವರ ವೆಚ್ಚವನ್ನು ಗೂಢಚಾರರು ಗಮನಿಸುತ್ತಿರಬೇಕು, ಕುಡಿದು ಮಲಗಿದ ಅಪರಿಚಿತರ ಅಂತರಂಗವನ್ನು ತಿಳಿದುಕೊಳ್ಳಬೇಕು ಎಂದು ಆ ಪ್ರಕರಣ ಹೇಳುತ್ತದೆ. ನಾಟಕಕಾರ, ವೈದ್ಯ, ಮಂತ್ರಿ ಮೂವರೂ ತಮ್ಮ ತಮ್ಮ ಪ್ರಯೋಜನಕ್ಕಾಗಿ ಒಂದೇ ನಿರ್ಣಯಕ್ಕೆ ಬಂದಿದ್ದಾರೆ. ಪಾನವು ಮನುಷ್ಯನನ್ನು ಬೇರೊಬ್ಬನನ್ನಾಗಿ ಮಾಡುವುದಿಲ್ಲ. ಅವನು ಮುಚ್ಚಿಟ್ಟುಕೊಂಡಿದ್ದ ತನ್ನನ್ನೇ ಬಿಚ್ಚಿಡುತ್ತದೆ.

೩

ಶಾಸ್ತ್ರದ ಈ ಸೂತ್ರಕ್ಕೆ ಅತ್ಯುತ್ಕೃಷ್ಟವಾದ ಉದಾಹರಣೆಗಳು ಇತಿಹಾಸಕಾವ್ಯಗಳಲ್ಲಿಯೇ ಇವೆ. ವಾಲ್ಮೀಕಿರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ, ಕೊಟ್ಟ ಮಾತನ್ನು ಮರೆತು ಭೋಗದಲ್ಲಿ ಮುಳುಗಿದ ಸುಗ್ರೀವನ ಬಾಗಿಲಿಗೆ ಲಕ್ಷ್ಮಣನು ಕೋಪದಿಂದ ಬಂದಾಗ ಅವನನ್ನು ಎದುರುಗೊಳ್ಳುವವಳು ತಾರೆ. ಆಕೆಯ ಹೆಜ್ಜೆ ತಡವರಿಸುತ್ತಿದೆ. ಕಣ್ಣುಗಳು ಮದದಿಂದ ಚಂಚಲವಾಗಿವೆ. ಪಾನದಿಂದ ಲಜ್ಜೆ ದೂರವಾದ್ದರಿಂದಲೇ ಆಕೆ ಪರಪುರುಷನೊಡನೆ ನೇರವಾಗಿ, ಧೈರ್ಯವಾಗಿ ಮಾತನಾಡಬಲ್ಲಳು. ಆಡುವ ಮಾತಾದರೋ ರಾಜನೀತಿಜ್ಞೆಯ ಮಾತು. ಕಾಲಿನಲ್ಲಿ ತಡವರಿಕೆ, ಮಾತಿನಲ್ಲಿ ವಿವೇಕ: ಇವೆರಡನ್ನೂ ಒಂದೇ ಪಾತ್ರದಲ್ಲಿ ಇರಿಸಿದ್ದರಿಂದಲೇ ಆ ಚಿತ್ರ ನಿಜವಾಗಿದೆ. ಮದವು ತಾರೆಯಿಂದ ಸಂಕೋಚವನ್ನು ಮಾತ್ರ ತೆಗೆಯಿತು. ಆಕೆಯ ಬುದ್ಧಿಯನ್ನು ಅದು ಮುಟ್ಟಲಿಲ್ಲ.

ಸುಂದರಕಾಂಡದ ಹನ್ನೊಂದನೆಯ ಸರ್ಗದಲ್ಲಿ ಬರುವ ರಾವಣನ ಪಾನಭೂಮಿಯ ಚಿತ್ರ ಇನ್ನೊಂದು ಬಗೆಯದು. ಅಲ್ಲಿ ಪಾನ ಮುಗಿದುಹೋಗಿದೆ. ಅರ್ಧ ಕುಡಿದು ಬಿಟ್ಟ ಪಾತ್ರೆಗಳು, ಉರುಳಿಬಿದ್ದ ಕೊಡಗಳು, ಅರೆತಿಂದ ಮಾಂಸಗಳು, ಬಾಡಿದ ಮಾಲೆಗಳು, ನಿದ್ರಿಸುತ್ತಿರುವ ಸ್ತ್ರೀಯರು. ಎಚ್ಚರವಿರುವವನು ಒಬ್ಬನೇ, ಸೀತೆಯನ್ನು ಹುಡುಕುತ್ತ ಬಂದ ಹನುಮಂತ. ಮದವಿಲ್ಲದ ಒಬ್ಬನ ಕಣ್ಣಿನಿಂದ ಮದದ ಪರಿಣಾಮವನ್ನು ನೋಡುವ ಈ ವಿಧಾನವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಪಂಪನ ಬಳಿಗೆ ಬಂದಾಗ ಇದರ ಪ್ರಯೋಜನ ತಿಳಿದುಬರುತ್ತದೆ.

ಎಲ್ಲಕ್ಕಿಂತ ಭಯಂಕರವಾದ ಪಾನದೃಶ್ಯ ಮಹಾಭಾರತದ ಮೌಸಲಪರ್ವದ್ದು. ಕುರುಕ್ಷೇತ್ರದ ಯುದ್ಧ ಮುಗಿದು ಮೂವತ್ತಾರು ವರ್ಷಗಳಾಗಿವೆ. ಋಷಿಶಾಪದಿಂದ ಬೆದರಿದ ಯಾದವರು ನಗರದಲ್ಲಿ ಯಾರೂ ಮದ್ಯವನ್ನು ತಯಾರಿಸಕೂಡದು, ತಯಾರಿಸಿದವನಿಗೆ ಶೂಲವೇ ಗತಿ ಎಂದು ಡಂಗುರ ಹೊಯ್ಯಿಸುತ್ತಾರೆ. ಆದರೂ ಪ್ರಭಾಸತೀರ್ಥಕ್ಕೆ ಹೋದಾಗ ಕೃಷ್ಣನ ಕಣ್ಣೆದುರಿಗೇ ಪಾನ ನಡೆಯುತ್ತದೆ. ಸಾತ್ಯಕಿಯು ಕೃತವರ್ಮನನ್ನು ಹಾಸ್ಯಮಾಡುತ್ತಾನೆ: ನಿದ್ರಿಸುತ್ತಿದ್ದವರನ್ನು ಕೊಂದವನು ಎಂಥ ಕ್ಷತ್ರಿಯನು? ಕೃತವರ್ಮನು ಪ್ರತಿಯಾಗಿ, ಕೈ ಕತ್ತರಿಸಲ್ಪಟ್ಟು ಪ್ರಾಯೋಪವೇಶ ಮಾಡಿದ್ದ ಭೂರಿಶ್ರವಸ್ಸನ್ನು ಕೊಂದವನು ಯಾರು ಎಂದು ಕೇಳುತ್ತಾನೆ. ಬಳಿಕ ಸ್ಯಮಂತಕಮಣಿಯ ಹಳೆಯ ಕಥೆ ಹೊರಬೀಳುತ್ತದೆ, ಸತ್ಯಭಾಮೆ ಅಳುತ್ತ ಕೃಷ್ಣನ ಬಳಿ ಬರುತ್ತಾಳೆ, ಸಾತ್ಯಕಿಯು ಕೃತವರ್ಮನ ತಲೆಯನ್ನು ಕತ್ತರಿಸುತ್ತಾನೆ, ಕುಲವೇ ನಾಶವಾಗುತ್ತದೆ. ಇಲ್ಲಿ ಮದ್ಯದ ಬಣ್ಣವಾಗಲಿ ಪಾತ್ರೆಯ ಸೊಬಗಾಗಲಿ ಕಥನದ ಮುಖ್ಯಾಂಶವಲ್ಲ. ಕುಡಿದವರು ಆಡಿದ ಮಾತುಗಳಲ್ಲಿ ಒಂದೂ ಅಂದು ಹುಟ್ಟಿದ್ದಲ್ಲ. ಮೂವತ್ತಾರು ವರ್ಷ ಒಂದೇ ಊರಿನಲ್ಲಿ ಒಟ್ಟಿಗೆ ಬಾಳಿ, ಒಂದೇ ಸಭೆಯಲ್ಲಿ ಕುಳಿತು, ಎದುರಿಗೆ ಆಡದೆ ಉಳಿಸಿಕೊಂಡಿದ್ದ ಮಾತುಗಳೇ ಅವು. ಚರಕನ ಬೆಂಕಿ ಚಿನ್ನಗಳ ಉಪಮಾನವನ್ನು ಕಥೆಯಾಗಿ ವಿಸ್ತರಿಸಿದರೆ ಮೌಸಲಪರ್ವವಾಗುತ್ತದೆ ಎನ್ನಬಹುದು.

೪

ನಾಟಕಗಳಲ್ಲಿ ಭರತನ ನಿಯಮಗಳು ಹೇಗೆ ಉಪಯೋಗಕ್ಕೆ ಬಂದುವೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಮೂರನೆಯ ಅಂಕದಲ್ಲಿ ಕಿರಿಯ ರಾಣಿ ಇರಾವತಿ ಉಯ್ಯಾಲೆಯಾಡುವ ಆಸೆಯಿಂದ ಪ್ರಮದವನಕ್ಕೆ ಬರುತ್ತಾಳೆ. ಆಕೆ ಕುಡಿದು ಬಂದಿದ್ದಾಳೆ. ಮದವು ಸ್ತ್ರೀಯರಿಗೆ ವಿಶೇಷವಾದ ಅಲಂಕಾರವೆಂದು ಜನ ಹೇಳುವುದು ನಿಜವೇ ಎಂದು ದಾಸಿ ನಿಪುಣಿಕೆಯನ್ನು ಕೇಳುತ್ತಾಳೆ. ಮನಸ್ಸು ಮುಂದೋಡಿದರೂ ಕಾಲುಗಳು ಸಾಗುವುದಿಲ್ಲ. ಇಷ್ಟೂ ಹಾಸ್ಯಕ್ಕೆ ಎಡೆಮಾಡುವಂತಿದೆ. ಆದರೆ ದೊರೆಯು ಮಾಲವಿಕೆಯಲ್ಲಿ ಅನುರಕ್ತನಾಗಿರುವುದನ್ನು ಮರೆಯಲ್ಲಿ ನಿಂತು ಕಂಡಾಗ ಆ ವಿಲಾಸ ಉಳಿಯುವುದಿಲ್ಲ. ಅಳುತ್ತ, ನಡುವಿನ ಡಾಬನ್ನೇ ಎತ್ತಿ ದೊರೆಯನ್ನು ಹೊಡೆಯಲು ಹೋಗುತ್ತಾಳೆ. ಕುಡಿದು ಪ್ರವೇಶಿಸಿದ ಪಾತ್ರದ ಮದ ಇಳಿಯಬೇಕು, ದುಃಖವು ಅದನ್ನು ಇಳಿಸಬೇಕು ಎಂಬ ನಿಯಮ ಇಲ್ಲಿ ನಿಯಮವೆಂದು ತೋರದಂತೆ ಪಾಲಿತವಾಗಿದೆ. ಇರಾವತಿಯ ಪ್ರಶ್ನೆಯನ್ನು ಮತ್ತೊಮ್ಮೆ ನೆನೆದರೆ ಅದರಲ್ಲಿದ್ದದ್ದು ವಿಲಾಸವಲ್ಲ, ಗಂಡನ ಪ್ರೀತಿ ಕೈತಪ್ಪುತ್ತಿದೆಯೆಂಬ ಅಂಜಿಕೆ ಎಂಬುದು ಅರ್ಥವಾಗುತ್ತದೆ. ಮದ ಆಗಲೇ ಆ ಅಂಜಿಕೆಯನ್ನು ಹೊರಹಾಕಿತ್ತು. ನಾವು ನಗುತ್ತಿದ್ದುದರಿಂದ ಗಮನಿಸಲಿಲ್ಲ.

ಎರಡನೆಯದು ‘ಮತ್ತವಿಲಾಸಪ್ರಹಸನ’. ಇದರ ಕರ್ತೃ ಪಲ್ಲವ ದೊರೆ ಒಂದನೆಯ ಮಹೇಂದ್ರವರ್ಮ; ಬಾದಾಮಿಯ ಇಮ್ಮಡಿ ಪುಲಕೇಶಿಯ ಸಮಕಾಲೀನ ಮತ್ತು ಎದುರಾಳಿ. ಕಂಚಿಯ ಬೀದಿಯಲ್ಲಿ ಸತ್ಯಸೋಮನೆಂಬ ಕಾಪಾಲಿಕನು ತನ್ನ ಸಂಗಾತಿ ದೇವಸೋಮೆಯೊಡನೆ ತೂರಾಡುತ್ತ ಬರುತ್ತಾನೆ. ಮದದ ಭರದಲ್ಲಿ ಆಕೆಯನ್ನು ‘ಸೋಮದೇವೆ’ ಎಂದು ಕರೆದುಬಿಡುತ್ತಾನೆ. ಅಕ್ಷರಗಳು ಹಿಂದುಮುಂದಾದುವು, ಅಷ್ಟೆ. ಆದರೆ ಅದು ಬೇರೊಬ್ಬ ಹೆಂಗಸಿನ ಹೆಸರೆಂದು ಆಕೆ ಮುನಿಯುತ್ತಾಳೆ. ಇನ್ನು ಮೇಲೆ ಕುಡಿಯುವುದಿಲ್ಲವೆಂದು ಅವನು ಶಪಥಕ್ಕೆ ಹೊರಟಾಗ, ತನಗಾಗಿ ವ್ರತಭಂಗ ಮಾಡಬೇಡವೆಂದು ಅವಳೇ ಕಾಲಿಗೆ ಬೀಳುತ್ತಾಳೆ. ಅವನಿಗೂ ಅದೇ ಬೇಕಾಗಿತ್ತು. ಮುಂದೆ ಸೇಂದಿಯಂಗಡಿಯನ್ನು ಕಂಡು, ಅದು ಯಜ್ಞಶಾಲೆ, ಸುರೆಯೇ ಸೋಮರಸ, ಕುಡುಕರೇ ಋತ್ವಿಜರು, ಸುಟ್ಟ ಮಾಂಸವೇ ಹವಿಸ್ಸು ಎಂದು ಸಾಂಗವಾಗಿ ರೂಪಕ ಕಟ್ಟುತ್ತಾನೆ. ಕುಡಿಯಲು ಕೈಚಾಚಿದಾಗಲೇ ಕಪಾಲ ಕಳೆದುಹೋಗಿರುವುದು ತಿಳಿಯುವುದು. ನಾಯಿ ಎತ್ತಿಕೊಂಡು ಹೋದ ಕಪಾಲಕ್ಕಾಗಿ ಬೌದ್ಧ ಭಿಕ್ಷು ನಾಗಸೇನನ ಮೇಲೆ ಕಳ್ಳತನದ ಆರೋಪ ಬರುತ್ತದೆ.

ಈ ಪ್ರಹಸನದಲ್ಲಿ ಕುಡುಕನ ತರ್ಕಕ್ಕೆ ಇರುವ ಗೌರವ ಗಮನಾರ್ಹ. ಸತ್ಯಸೋಮನು ಅಸಂಬದ್ಧವನ್ನು ಆಡುವುದಿಲ್ಲ; ಅವನ ವಾದಕ್ಕೆ ಆದಿ ಅಂತ್ಯಗಳಿವೆ, ಶಾಸ್ತ್ರದ ಪರಿಭಾಷೆಯಿದೆ, ಹೊರಟ ಸ್ಥಳ ಮಾತ್ರ ತಪ್ಪು. ಬರಿಯ ತೊದಲುವಿಕೆಯಿಂದ ಕುಡುಕನನ್ನು ಚಿತ್ರಿಸಲೆಳಸುವವರಿಗೆ ಇದು ಉತ್ತಮ ಪಾಠ. ಪ್ರಹಸನವು ಅಧಮಪ್ರಕೃತಿಯನ್ನು ಹಾಸ್ಯಮಾಡುವುದಕ್ಕಾಗಿ ಹುಟ್ಟಿದ್ದರೂ ದೊರೆಯಾದ ಕವಿ ತನ್ನ ಪಾತ್ರದ ಮಾತನ್ನು ಗಮನವಿಟ್ಟು ಕೇಳಿಸಿಕೊಂಡಿದ್ದಾನೆ.

೫

ಮಹಾಕಾವ್ಯಗಳಿಗೆ ಬಂದಾಗ ಚಿತ್ರ ಬದಲಾಗುತ್ತದೆ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನೊಡನೆ ಹೆಸರಿಸಿರುವ ಭಾರವಿಯು ‘ಕಿರಾತಾರ್ಜುನೀಯ’ದ ಒಂಬತ್ತನೆಯ ಸರ್ಗದಲ್ಲಿ ಸಂಧ್ಯೆ, ಚಂದ್ರೋದಯಗಳ ಬಳಿಕ ಗಂಧರ್ವಾಪ್ಸರೆಯರ ಪಾನವನ್ನು ವರ್ಣಿಸಿದ್ದಾನೆ. ಮಾಘನು ‘ಶಿಶುಪಾಲವಧ’ದ ಹತ್ತನೆಯ ಸರ್ಗವನ್ನು ಇದಕ್ಕಾಗಿಯೇ ಮೀಸಲಿಟ್ಟನು. ಪಾತ್ರೆಯೊಳಗೆ ಬಿದ್ದ ಕಣ್ಣಿನ ಪ್ರತಿಬಿಂಬ, ಕಂಪಿಗೆ ಮುತ್ತುವ ದುಂಬಿ, ಕೆಂಪೇರಿದ ಕಣ್ಣು, ಸಡಿಲಿದ ನಾಚಿಕೆ ಇವು ಚಮತ್ಕಾರದ ಸಾಮಗ್ರಿಗಳಾದುವು. ಪ್ರತಿಯೊಂದು ಶ್ಲೋಕವೂ ಒಂದು ರತ್ನವೇ ಸರಿ. ಆದರೆ ಕುಡಿಯುವವರಿಗೆ ಹೆಸರಿಲ್ಲ. ಒಬ್ಬಳು, ಮತ್ತೊಬ್ಬಳು, ಇನ್ನೊಬ್ಬಳು ಎಂಬುದಷ್ಟೇ ಅವರ ಪರಿಚಯ. ಹೆಸರಿಲ್ಲದವರಿಗೆ ಮುಚ್ಚಿಡುವುದಕ್ಕೆ ಏನೂ ಇರುವುದಿಲ್ಲ. ಮುಚ್ಚಿಟ್ಟದ್ದೇ ಇಲ್ಲದ ಮೇಲೆ ಮದ್ಯವು ಬಿಚ್ಚಿಡುವುದಾದರೂ ಏನನ್ನು? ಪಾನವು ಪಾತ್ರವನ್ನು ಪರೀಕ್ಷಿಸುವ ಬೆಂಕಿಯಾಗಿದ್ದುದು ಹೋಗಿ, ಚಂದ್ರೋದಯಕ್ಕೂ ಸುರತಕ್ಕೂ ನಡುವಣ ಒಂದು ಮೆಟ್ಟಿಲಾಯಿತು. ದಂಡಿಯ ಪಟ್ಟಿಯೂ ಅದನ್ನು ಇಡುವುದು ಜಲಕ್ರೀಡೆ, ರತೋತ್ಸವಗಳ ಮಧ್ಯದಲ್ಲಿಯೇ. ಕನ್ನಡ ಕವಿಗಳ ಕೈಗೆ ಬಂದದ್ದು ಈ ರೂಪ.

೬

ಕ್ರಿ. ಶ. ೯೦೨ರಲ್ಲಿ ಹುಟ್ಟಿದ ಪಂಪನು ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿದ್ದು ೯೪೧ರಲ್ಲಿ ‘ಆದಿಪುರಾಣ’, ‘ವಿಕ್ರಮಾರ್ಜುನವಿಜಯ’ಗಳೆರಡನ್ನೂ ರಚಿಸಿದನು. ಅವನ ಹಿಂದೆ ಮದ್ಯದ ವಿಷಯದಲ್ಲಿ ಅತ್ಯಂತ ಜಾಗರೂಕವಾದ ಜೈನಸಂಪ್ರದಾಯವಿತ್ತು. ಪುನ್ನಾಟ ಸಂಘದ ಜಿನಸೇನನು ಶಕ ೭೦೫ರಲ್ಲಿ, ಎಂದರೆ ೭೮೩ರಲ್ಲಿ, ಮುಗಿಸಿದ ‘ಹರಿವಂಶಪುರಾಣ’ದ ಪ್ರಕಾರ ದ್ವಾರಾವತಿ ನಾಶವಾದುದೇ ಮದ್ಯದಿಂದ: ನಗರದಿಂದ ಹೊರಕ್ಕೆ ಚೆಲ್ಲಿಸಿದ್ದ ಹಳೆಯ ಮದ್ಯವನ್ನು ಬಾಯಾರಿದ ಶಂಬುವೇ ಮೊದಲಾದ ರಾಜಕುಮಾರರು ಕುಡಿದು, ತಪಸ್ಸಿನಲ್ಲಿದ್ದ ದ್ವೈಪಾಯನನನ್ನು ಕಲ್ಲಿನಿಂದ ಹೊಡೆದರು, ಅವನ ಕೋಪಾಗ್ನಿ ಪಟ್ಟಣವನ್ನು ಸುಟ್ಟಿತು. ಪಂಪನ ‘ಆದಿಪುರಾಣ’ಕ್ಕೆ ಆಕರವಾದ ‘ಪೂರ್ವಪುರಾಣ’ದ ಕರ್ತೃವಾದ ಇನ್ನೊಬ್ಬ ಜಿನಸೇನನು ಭೋಗಭೂಮಿಯ ಕಲ್ಪವೃಕ್ಷಗಳಲ್ಲಿ ಒಂದಾದ ಮದ್ಯಾಂಗವನ್ನು ಹೇಳುವಾಗ, ಅದು ಕೊಡುವುದು ಮರದ ಒಂದು ಬಗೆಯ ರಸ ಮಾತ್ರ, ಅದನ್ನು ಮದ್ಯವೆನ್ನುವುದು ಉಪಚಾರಕ್ಕೆ, ಕುಡುಕರು ಆದರಿಸುವ ನಿಜವಾದ ಮದ್ಯ ಆರ್ಯರಿಗೆ ವರ್ಜ್ಯ ಎಂದು ಎಚ್ಚರಿಕೆಯ ಮಾತನ್ನು ಸೇರಿಸುತ್ತಾನೆ. ಹೆಸರು ಬಂದ ಕಡೆಯಲ್ಲೆಲ್ಲ ಸಮಾಧಾನ ಹೇಳಬೇಕೆನ್ನುವಷ್ಟು ಆ ವಸ್ತು ಮುಜುಗರದ್ದಾಗಿತ್ತು.

ಅದೇ ದ್ವಾರಾವತಿಯಲ್ಲಿಯೇ ಪಂಪನು ತನ್ನ ಪಾನಗೋಷ್ಠಿಯನ್ನು ಇಟ್ಟಿದ್ದಾನೆ. ‘ವಿಕ್ರಮಾರ್ಜುನವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಸುಭದ್ರೆಯನ್ನು ಕಂಡು ವಿರಹಕ್ಕೆ ಒಳಗಾದ ಅರ್ಜುನನು ಇರುಳಿನಲ್ಲಿ ಸೂಳೆಗೇರಿಯನ್ನು ನೋಡುತ್ತ ಹೋಗುತ್ತಾನೆ. ಅಲ್ಲಿ ಕಳ್ಳು ಕುಡಿಯುವ ಹೆಂಗಸರ ಗೋಷ್ಠಿಯೊಂದು ಕಣ್ಣಿಗೆ ಬೀಳುತ್ತದೆ. ಪಂಪನು ಮೊದಲು ವಿವರಿಸುವುದು ಅಮಲನ್ನಲ್ಲ, ಆಚಾರವನ್ನು. ಮಧುದೇವತೆಗೆ ಅರ್ಚನೆಯಾಗುತ್ತದೆ, ಹಕ್ಕಿಗಳ ಆಕಾರದ ಪಾತ್ರೆಗಳಲ್ಲಿ ಕಳ್ಳನ್ನು ತುಂಬುತ್ತಾರೆ, ನೆಲಕ್ಕೆ ಎರೆದು, ತಲೆಯ ಮೇಲೆ ತಳಿದುಕೊಂಡು, ಹಿರಿಯರು ಕಿರಿಯರೆಂಬುದನ್ನರಿತು ವಂದಿಸಿ, ಆಮೇಲೆ ಕುಡಿಯತೊಡಗುತ್ತಾರೆ. ನಡುನಡುವೆ ಬಾಯಿಗೆ ರುಚಿಗೊಡುವ ‘ಚಕ್ಕಣ’ಗಳ ಸೇವನೆ. ಅಷ್ಟೊಂದು ವಿಧಿಯಿಂದ ಆರಂಭವಾದ ಗೋಷ್ಠಿಯಲ್ಲಿ ಬರಬರುತ್ತ ಮಾತು ಹದ ತಪ್ಪುತ್ತದೆ, ನಡತೆ ಮೇರೆ ಮೀರುತ್ತದೆ. ಭರತನು ರಂಗದ ಮೇಲೆ ಕುಡಿಯುವ ಪಾತ್ರಕ್ಕೆ ಹೇಳಿದ ಏರುವ ಕ್ರಮವೇ ಇದು. ಕ್ರಮ ಅಳಿಯುವುದನ್ನು ತೋರಿಸಬೇಕಾದರೆ ಮೊದಲು ಕ್ರಮವಿದ್ದುದನ್ನು ತೋರಿಸಬೇಕೆಂಬ ಸೂಕ್ಷ್ಮ ಪಂಪನಿಗೆ ತಿಳಿದಿತ್ತು.

ಸಂಸ್ಕೃತ ಮಹಾಕಾವ್ಯದ ಮಾದರಿಗೂ ಇದಕ್ಕೂ ಇರುವ ಅಂತರವನ್ನು ಮೂರು ಅಂಶಗಳಲ್ಲಿ ಗುರುತಿಸಬಹುದು. ಮೊದಲನೆಯದಾಗಿ, ಭಾರವಿಯ ಗೋಷ್ಠಿ ಗಂಧರ್ವರದು, ಮಾಘನದು ಯಾದವ ವೀರರದು. ಪಂಪನದು ನಗರದ ಒಂದು ಕೇರಿಯದು. ಎರಡನೆಯದಾಗಿ, ಕಥಾನಾಯಕನು ಪಾನದಲ್ಲಿ ಭಾಗಿಯಾಗದೆ ಪ್ರೇಕ್ಷಕನಾಗಿ ನಡೆದುಹೋಗುತ್ತಾನೆ. ಅರ್ಜುನನನ್ನು ಅರಿಕೇಸರಿಯೊಡನೆ ಸಮೀಕರಿಸಿದ ಕಾವ್ಯದಲ್ಲಿ ಇದು ಆಶ್ರಯದಾತನಿಗೆ ತೋರಿದ ಔಚಿತ್ಯವೂ ಹೌದು, ಕವಿಯ ವ್ರತಕ್ಕೆ ದೊರೆತ ರಕ್ಷಣೆಯೂ ಹೌದು. ಕುಡಿಯದವನು ಕುಡಿಯುವವರನ್ನು ಹೇಗೆ ಬರೆಯಬೇಕೆಂಬ ಪ್ರಶ್ನೆಗೆ, ಕುಡಿಯದವನೊಬ್ಬನ ಕಣ್ಣಿನಿಂದ ಎಂಬುದೇ ಪಂಪನ ಉತ್ತರ. ಲಂಕೆಯಲ್ಲಿ ಹನುಮಂತನಿಗೆ ವಾಲ್ಮೀಕಿ ಕೊಟ್ಟ ಸ್ಥಾನವನ್ನು ದ್ವಾರಾವತಿಯಲ್ಲಿ ಪಂಪನು ಅರ್ಜುನನಿಗೆ ಕೊಟ್ಟಿದ್ದಾನೆ. ಒಂದು ವ್ಯತ್ಯಾಸವಿದೆ. ಹನುಮಂತನು ನಿರ್ವಿಕಾರ, ಅರ್ಜುನನಾದರೋ ಪ್ರೇಮದಿಂದ ನಿದ್ರೆಗೆಟ್ಟವನು. ಅಮಲೇರಿದವರನ್ನು ನೋಡುವವನೂ ಇನ್ನೊಂದು ಅಮಲಿನಲ್ಲಿದ್ದಾನೆ.

ಮೂರನೆಯ ಅಂಶ ಭಾಷೆಯದು. ಹಳಗನ್ನಡದಲ್ಲಿ ಮದಕ್ಕೆ ಇರುವ ದೇಶ್ಯಶಬ್ದ ‘ಸೊರ್ಕು’. ಮದಿಸಿದ ಆನೆಗೂ ಕುಡಿದ ಮನುಷ್ಯನಿಗೂ ಗರ್ವಿಷ್ಠನಿಗೂ ಈ ಒಂದೇ ಮಾತು ಸಲ್ಲುತ್ತದೆ. ಇಂದಿನ ‘ಸೊಕ್ಕು’ ಇದರ ಮುಂದಿನ ರೂಪ. ಸಂಸ್ಕೃತದ ‘ಮದ’ಕ್ಕೂ ಇದೇ ವ್ಯಾಪ್ತಿಯಿದೆ. ಸಮಂತಭದ್ರನು ಜ್ಞಾನ, ಪೂಜೆ, ಕುಲ, ಜಾತಿ, ಬಲ, ಸಂಪತ್ತು, ತಪಸ್ಸು, ದೇಹ ಇವುಗಳಿಂದ ಹುಟ್ಟುವ ಎಂಟು ಮದಗಳನ್ನು ಎಣಿಸಿದ್ದಾನೆ. ಜೈನಕವಿಯ ದೃಷ್ಟಿಯಲ್ಲಿ ಕಳ್ಳಿನ ಸೊರ್ಕು ಅನೇಕ ಸೊರ್ಕುಗಳಲ್ಲಿ ಒಂದು. ಪಂಪನು ಕವಿಯೂ ಯೋಧನೂ ಆಗಿ ಅರಮನೆಯಲ್ಲಿ ಬಾಳಿದವನು. ಕುಲದ ಸೊರ್ಕು, ಬಲದ ಸೊರ್ಕು, ಸಿರಿಯ ಸೊರ್ಕುಗಳು ಮಾತನ್ನೂ ನಡೆಯನ್ನೂ ಹೇಗೆ ಕೆಡಿಸುತ್ತವೆಂಬುದನ್ನು ಕಾಣಲು ಅವನು ಕಳ್ಳಿನ ಪಾತ್ರೆಯನ್ನು ಮುಟ್ಟಬೇಕಾಗಿರಲಿಲ್ಲ. ಒಂದು ಮದವನ್ನು ಬಲ್ಲವನು ಇನ್ನೊಂದನ್ನು ಊಹಿಸಬಲ್ಲನು. ವ್ರತನಿಷ್ಠನಾದ ಕವಿಯ ಪಾನಚಿತ್ರ ನಮಗೆ ನಿಜವೆನಿಸುವುದರ ಗುಟ್ಟು ಇಲ್ಲಿರಬೇಕೆಂದು ನಮ್ಮ ಅಭಿಪ್ರಾಯ.

೭

ಹಾಗಾದರೆ ಇಂಥ ವರ್ಣನೆ ಚರಿತ್ರೆಗೆ ಆಧಾರವಾದೀತೆ? ಇಡೀ ವರ್ಣನೆಯನ್ನು ಒಪ್ಪುವುದಾಗಲಿ ಇಡಿಯಾಗಿ ತಳ್ಳಿಹಾಕುವುದಾಗಲಿ ಸರಿಯಲ್ಲವೆಂದು ತೋರುತ್ತದೆ. ಮಧು, ಮೈರೇಯ, ಆಸವ ಮೊದಲಾದ ಮದ್ಯಗಳ ಹೆಸರುಗಳು ಕಾವ್ಯದಲ್ಲಿ ಬಂದ ಮಾತ್ರಕ್ಕೆ ಆ ಕಾಲದ ಕರ್ಣಾಟಕದಲ್ಲಿ ಅವೆಲ್ಲ ಬಳಕೆಯಲ್ಲಿದ್ದುವೆಂದು ಹೇಳಲಾಗದು. ಅವು ಕೌಟಿಲ್ಯನ ಕಾಲದಿಂದ ಗ್ರಂಥದಿಂದ ಗ್ರಂಥಕ್ಕೆ ಇಳಿದು ಬಂದ ಹೆಸರುಗಳು. ಚಿನ್ನ, ರತ್ನಗಳ ಪಾತ್ರೆಗಳೂ ಹಾಗೆಯೇ. ಆದರೆ ನೆಲಕ್ಕೆ ಎರೆಯುವುದು, ಹಿರಿಯರಿಗೆ ವಂದಿಸಿ ಕುಡಿಯುವುದು, ಚಕ್ಕಣವನ್ನು ಸವಿಯುವುದು ಇಂಥವು ಭಾರವಿ ಮಾಘರ ಚಮತ್ಕಾರಕ್ಕೆ ಸಂಬಂಧಿಸಿದವಲ್ಲ. ದೇಶ್ಯಶಬ್ದಗಳೊಡನೆ ಬರುವ ಇಂಥ ವಿವರಗಳನ್ನು ಕವಿಯು ಸುತ್ತಲಿನ ಬಾಳಿನಿಂದ ಪಡೆದಿರುವ ಸಂಭವ ಹೆಚ್ಚು. ಶಾಸ್ತ್ರದಲ್ಲಿ ಮಾದರಿಯಿಲ್ಲದ, ಅಲಂಕಾರಕ್ಕೆ ಅಗತ್ಯವಿಲ್ಲದ, ದೇಶ್ಯವಾದ ಹೆಸರುಳ್ಳ ವಿವರಕ್ಕೆ ಸಾಕ್ಷ್ಯಬಲ ಹೆಚ್ಚು ಎಂಬುದನ್ನು ಒಂದು ಸಾಮಾನ್ಯ ನಿಯಮವಾಗಿ ಇಟ್ಟುಕೊಳ್ಳಬಹುದು. ಸಂಶೋಧನೆಗೆ ತೊಡಗಿರುವ ವಿದ್ಯಾರ್ಥಿಗಳು ಇತರ ವರ್ಣನೆಗಳಿಗೂ ಇದನ್ನು ಅನ್ವಯಿಸಿ ನೋಡಬಹುದಾಗಿದೆ.

ಅರಮನೆಯ ಮಟ್ಟಿಗೆ ಬೇರೊಂದು ಆಧಾರವೂ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ೧೧೨೯ರಲ್ಲಿ ರಚಿತವಾದ ‘ಮಾನಸೋಲ್ಲಾಸ’ವು ರಾಜನ ಕ್ರೀಡೆಗಳಲ್ಲಿ ಮದಿರಾಪಾನವನ್ನೂ ಒಂದಾಗಿ ಹೇಳುತ್ತದೆ. ಪಂಪನಿಗೆ ಸುಮಾರು ಎರಡು ಶತಮಾನ ಈಚಿನದಾದರೂ, ಪಾನಗೋಷ್ಠಿಯು ಕವಿಗಳ ಕಲ್ಪನೆ ಮಾತ್ರವಾಗಿರಲಿಲ್ಲವೆಂಬುದನ್ನು ಅದು ದೃಢಪಡಿಸುತ್ತದೆ. ಅದೇ ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದನೆಂಬುದನ್ನೂ ಇಲ್ಲಿ ನೆನೆಯಬೇಕು. ಹೆಂಡವನ್ನು ಮಾರುವ ಕಾಯಕದವನು ಆ ಕಾಯಕದ ಪರಿಭಾಷೆಯನ್ನೇ ಅಧ್ಯಾತ್ಮದ ಕಡೆಗೆ ತಿರುಗಿಸಿದನು. ಮುಟ್ಟದವನು ಹೊರಗಿನಿಂದ ನೋಡಿ ಬರೆದದ್ದು, ಮಾರುವವನು ಒಳಗಿನಿಂದ ಅರಿತು ಆಡಿದ್ದು, ಎರಡೂ ಕನ್ನಡದಲ್ಲಿ ಉಳಿದುಬಂದಿರುವುದು ನಮ್ಮ ಭಾಗ್ಯ.

೮

ಇಷ್ಟು ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ಪಾನದೃಶ್ಯ ನಂಬಿಕೆಗೆ ಅರ್ಹವಾಗುವುದು ಮದ್ಯದ ವೈವಿಧ್ಯವನ್ನು ಎಣಿಸುವುದರಿಂದಾಗಲಿ ಕವಿಯ ಸ್ವಂತ ಪಾನಾನುಭವದಿಂದಾಗಲಿ ಅಲ್ಲ. ಮದಕ್ಕೆ ಏರಿಳಿತದ ಕ್ರಮವಿರಬೇಕು. ಕುಡಿದವನ ಮಾತಿಗೆ ಅವನದೇ ತರ್ಕವಿರಬೇಕು. ಹೊರಬೀಳುವುದು ಮೊದಲೇ ಒಳಗಿದ್ದುದಾಗಿರಬೇಕು. ಮೌಸಲಪರ್ವದ ಸಾತ್ಯಕಿ, ಪ್ರಮದವನದ ಇರಾವತಿ, ಕಂಚಿಯ ಸತ್ಯಸೋಮ ಇವರೆಲ್ಲರೂ ಈ ನಿಯಮಗಳಿಗೆ ನಿದರ್ಶನರು. ಮಹಾಕಾವ್ಯದ ಸಂಪ್ರದಾಯ ಇದನ್ನು ಮರೆತು ವರ್ಣನೆಯನ್ನು ಮಾತ್ರ ಉಳಿಸಿಕೊಂಡಿತು. ಆ ಸಂಪ್ರದಾಯದ ಒಳಗೇ ನಿಂತು ಪಂಪನು ಆಚಾರ, ಕೇರಿ, ಎಚ್ಚರದ ಕಣ್ಣು ಇವುಗಳಿಂದ ಅದಕ್ಕೆ ಮತ್ತೆ ಜೀವ ತುಂಬಿದನು.

ಈ ವಿದ್ಯೆ ಹಳೆಯ ಕಾವ್ಯಗಳೊಡನೆ ಮುಗಿದುಹೋಗಲಿಲ್ಲ. ೧೯೩೩ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಕಳ್ಳು ಕುಡಿದ ಚೋಮ ಗುಡಿಸಲಿನಲ್ಲಿ ದುಡಿಯನ್ನು ಬಡಿಯುತ್ತಾನೆ. ಅವನು ತೊದಲುವುದನ್ನು ನಾವು ನೆನಪಿಟ್ಟುಕೊಂಡಿರುವುದಿಲ್ಲ; ದುಡಿಯ ಸದ್ದನ್ನು ನೆನಪಿಟ್ಟುಕೊಂಡಿರುತ್ತೇವೆ. ತನ್ನದೆನ್ನುವ ತುಂಡು ನೆಲವನ್ನು ಉಳಬೇಕೆಂಬ, ಯಾರೊಡನೆ ಹೇಳಿಕೊಂಡರೂ ಸಲ್ಲದ ಅವನ ಆಸೆ ಆ ಸದ್ದಿನಲ್ಲಿ ಹೊರಬೀಳುತ್ತದೆ. ಭರತ ಚರಕರು ಹೇಳಿದ ಮಾತು ಅಲ್ಲಿಯೂ ಸಲ್ಲುತ್ತದೆ. ಮುಂದಿನ ಸಲ ‘ವಿಕ್ರಮಾರ್ಜುನವಿಜಯ’ದ ನಾಲ್ಕನೆಯ ಆಶ್ವಾಸವನ್ನು ಪಾಠ ಹೇಳುವಾಗ ಆ ಇರುಳಿನ ಕೇರಿಯನ್ನು ಬಿಟ್ಟು ಮುಂದೆ ಹೋಗದಿರುವುದು ಒಳ್ಳೆಯದೆಂದು ನಾವು ಭಾವಿಸಿದ್ದೇವೆ.